ಹಲ್ಲಿನಿಂದ ಕೇಳಿದವನು

ಇದಿನಬ್ಬನಿಗೆ ಹದಿನಾಲ್ಕು ತಿಂಗಳ ಸಂಬಳ ಬರಬೇಕು. ತಿಂಗಳಿಗೆ ಐವತ್ತೈದು ರಿಯಾಲ್. ಒಮಾನಿನ ಇಬ್ರಾ ಪೇಟೆಯಲ್ಲಿ, ಸೂಕ್ ಎಂಬ ಸಂತೆಯ ಹಿಂಬದಿಯ ಮಣ್ಣುದಾರಿಯಲ್ಲಿದ್ದ ಒಂದು ಗ್ಯಾರೇಜಿನ ಯಜಮಾನ ಅದನ್ನು ಕೊಡಬೇಕು. ಕೊಟ್ಟಿಲ್ಲ. ಸಂಬಳದ ಜೊತೆಗೆ ಎರಡು ಕಿವಿಯೂ ಬರಬೇಕಿತ್ತು. ಅವನ್ನು ಯಾರೂ ತಂದುಕೊಡಲಾರರು, ಆದ್ದರಿಂದ ಆ ಮಾತು ಬಿಡಿ. ಸಂಬಳದ ಮಾತು ಬಿಡುವ ಹಾಗಿಲ್ಲ.

ಇದಿನಬ್ಬ ಫರಂಗಿಪೇಟೆಯವನು, ಬ್ಯಾರಿಗಳ ಮನೆಯವನು. ಮಂಗಳೂರಿನ ಬಂದರಿನಲ್ಲಿ ದೂಮಪ್ಪ ಎಂಬ ಲಾರಿ ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ಗ್ರೀಸು ತಿಂದವನು. ದೂಮಪ್ಪ ಗಾಡಿಯನ್ನು ಬಿಚ್ಚುವ ಮೊದಲು ಕೇಳುತ್ತಿದ್ದ. ಒಂದು ಮೊಳ ಉದ್ದದ ಸ್ಕ್ರೂ ಡ್ರೈವರ್ ತೆಗೆದು ಅದರ ಮೊನೆಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಬಂದರಿನಲ್ಲಿ ಗಲಾಟೆ ಜೋರಾದರೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಆಗ ಹೊರಗಿನ ಕೂಗು ಹಿಂದೆ ಸರಿದು ಒಳಗಿನ ಬೇರಿಂಗು ತಲೆಬುರುಡೆಯೊಳಗೆ ತಿರುಗುತ್ತಿತ್ತು.

"ಗಟ್ಟಿ ಕಚ್ಚು ಬ್ಯಾರಿ, ಅದು ಬೀಡಿ ಅಲ್ಲ" ಎಂದು ದೂಮಪ್ಪ ಬೈಯುತ್ತಿದ್ದ. "ನಾಳೆ ನನ್ನ ಹಲ್ಲೆಲ್ಲ ಉದುರಿದ ಮೇಲೆ ನೀನೇ ಕಚ್ಚಬೇಕಲ್ಲ ಮಾರಾಯ."

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಏಜೆಂಟನಿಗೆ ಹೆಂಡತಿಯ ಬಳೆ ಕೊಟ್ಟು ಇದಿನಬ್ಬ ಒಮಾನಿಗೆ ಹೋದ. ಮಸ್ಕತ್ತು ಅಂದಿದ್ದರು, ಇಳಿಸಿದ್ದು ಇಬ್ರಾದಲ್ಲಿ. ತಗಡಿನ ಶೆಡ್ಡು, ಗಾಡಿಯಡಿ ಇಳಿಯಲು ಒಂದು ಗುಂಡಿ, ಗುಂಡಿಯ ಪಕ್ಕ ಒಂದು ಕೋಣೆ. ಬೇಸಿಗೆಯಲ್ಲಿ ಸ್ಪ್ಯಾನರನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿಟ್ಟು ಹಿಡಿಯಬೇಕು, ಇಲ್ಲವಾದರೆ ಅಂಗೈ ಸುಲಿದು ಬರುತ್ತದೆ. ಯಜಮಾನನನ್ನು ಎಲ್ಲರೂ ಅರ್ಬಾಬ್ ಅನ್ನುತ್ತಿದ್ದರು. ವೀಸಾಕ್ಕೆ ಜಾಮೀನು ನಿಂತ ಕಫೀಲನೂ ಅವನೇ, ಪಾಸ್‌ಪೋರ್ಟು ಇದ್ದದ್ದೂ ಅವನ ಮೇಜಿನ ಡ್ರಾಯರಿನಲ್ಲೇ. ಟಯರ್ ಕೆಲಸಕ್ಕೆ ಉಪ್ಪಿನಂಗಡಿ ಕಡೆಯ ಮೊಯ್ದು ಇದ್ದ. ಕೋಣೆಯಲ್ಲಿ ಇಬ್ಬರೇ.

ಎಂಬತ್ತಾರರಲ್ಲಿ ಒಮ್ಮೆ ರಜೆ ಸಿಕ್ಕಿತು. ನಲವತ್ತು ದಿನ. ಅವನು ಇಬ್ರಾಕ್ಕೆ ಹಿಂತಿರುಗಿದ ಮೇಲೆ ಮಗಳು ಹುಟ್ಟಿದಳು, ಅಮೀನತ್. ಹೆಂಡತಿ ಆಸಿಯಮ್ಮನಿಗೆ ಓದು ಬರಹ ಇಲ್ಲ. ಆ ಕಾಲದಲ್ಲಿ ಗಲ್ಫಿನವರ ಮನೆಗಳಿಂದ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ನೆರೆಮನೆಯವರ ಟೇಪ್ ರೆಕಾರ್ಡರಿನ ಮುಂದೆ ಕೂತು ಒಂದು ಗಂಟೆ ಮಾತಾಡಿ, ಊರಿಗೆ ಬಂದವರ ಕೈಯಲ್ಲಿ ಕಳಿಸುವುದು. ಮಗು ಮಾತು ಕಲಿತ ಮೇಲೆ ಅದರ ದನಿ ಹಾಕಿ ಕಳಿಸುತ್ತೇನೆಂದು ಆಸಿಯಮ್ಮ ಹೇಳಿದ್ದಳು.

ಮಗು ಮಾತು ಕಲಿಯುವ ಮೊದಲೇ ಟಯರು ಸಿಡಿಯಿತು.

ಎಂಬತ್ತೆಂಟರ ಜುಲೈ. ನೀರಿನ ಟ್ಯಾಂಕರಿನ ಟಯರು. ಗಾಳಿ ತುಂಬಬೇಕಾದವನು ಮೊಯ್ದು, ಅವನು ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ಟ್ಯಾಂಕರಿನವ ಅವಸರ ಮಾಡಿದನೆಂದು ಇದಿನಬ್ಬ ಪೈಪು ಹಿಡಿದ. ಟಯರನ್ನು ಹಿಡಿದಿಟ್ಟಿದ್ದ ತುಕ್ಕು ಹಿಡಿದ ಉಕ್ಕಿನ ರಿಂಗು ಕಿತ್ತುಕೊಂಡು ತಗಡಿನ ಮಾಡನ್ನು ತೂತು ಮಾಡಿ ಆಚೆ ಹೋಯಿತು. ತಲೆಗೆ ಬಡಿಯಲಿಲ್ಲ. ಎರಡು ಕಿವಿಯಿಂದಲೂ ರಕ್ತ ಬಂತು.

ಅರ್ಬಾಬ್ ಬಂದು ಮೊದಲು ಮಾಡು ನೋಡಿದ, ಆಮೇಲೆ ಇವನನ್ನು ನೋಡಿದ. "ಖಲಾಸ್. ಜಾನ್ ಹೈ ನಾ?" ಜೀವ ಇದೆಯಲ್ಲ, ಮುಗಿಯಿತು. ಎರಡು ದಿನ ರಜೆ, ಒಂದು ಕಟ್ಟು ಹತ್ತಿ. ರಕ್ತ ನಿಂತ ಮೇಲೆ ಕೀವು ಬಂತು. ಕೀವು ನಿಂತ ಮೇಲೆ ಏನೂ ಬರಲಿಲ್ಲ, ಸದ್ದು ಕೂಡ.

ಇದಿನಬ್ಬ ಮೊಯ್ದುವಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಮೊದಲು ಅಲ್ಲಿದ್ದ ಒಬ್ಬ ವೆಲ್ಡರನಿಗೆ ಕಣ್ಣು ಮಂಜಾದಾಗ ಅರ್ಬಾಬ್ ವಾರದೊಳಗೆ ವಿಮಾನ ಹತ್ತಿಸಿದ್ದ, ಬಾಕಿ ಕೊಡದೆ. ಇವನದೂ ಆಗಲೇ ಮೂರು ತಿಂಗಳು ಬಾಕಿ. ಕಿವುಡ ಎಂದು ಗೊತ್ತಾದ ದಿನವೇ ಅದು ಹೋಗುತ್ತದೆ. ಆದ್ದರಿಂದ ಕೇಳಿಸುವವನ ಹಾಗೆ ಬದುಕಬೇಕು. ಎದುರಿನವರ ತುಟಿ ಓದುವುದನ್ನು ಕಲಿತ. ಬೆನ್ನ ಹಿಂದಿನದನ್ನು ಮೊಯ್ದು ನೋಡಿಕೊಂಡ. ಅರ್ಬಾಬನ ಕಾರು ತಿರುವಿನಲ್ಲಿ ಕಂಡರೆ ಮೊಯ್ದು ಒಂದು ನಟ್ಟನ್ನು ಇದಿನಬ್ಬನ ಬೆನ್ನಿಗೆ ಎಸೆಯುತ್ತಿದ್ದ. ಗುರಿ ತಪ್ಪಿ ಒಂದು ಸಲ ಬುರುಡೆಗೇ ಬಿತ್ತು.

"ಕೊಲ್ಲುವುದಾದರೆ ದೊಡ್ಡ ನಟ್ಟು ಎಸಿ, ಇದರಲ್ಲಿ ಬರೀ ನೋವು" ಎಂದ ಇದಿನಬ್ಬ.

"ದೊಡ್ಡದು ಅರ್ಬಾಬನಿಗೆ ಇಟ್ಟಿದ್ದೇನೆ ಕಾಕ" ಎಂದು ಮೊಯ್ದು ಬಾಯಿ ಅಗಲಿಸಿ ಹೇಳಿದ. ನಮಾಜಿಗೆ ಹೋಗದಿದ್ದರೆ ಹೋದ ಕಿವಿ ತನ್ನದಾಗಿರುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು.

ಗಾಡಿಯ ಕಾಯಿಲೆ ಹಿಡಿಯಲು ದೂಮಪ್ಪನ ಸ್ಕ್ರೂ ಡ್ರೈವರ್ ವಿದ್ಯೆ ಉಳಿದಿತ್ತು. ಹರಿದದ್ದು ಕಿವಿಯ ಪರದೆ, ತಲೆಬುರುಡೆ ಗಟ್ಟಿಯಿತ್ತು. ಹಿಡಿ ಕಚ್ಚಿದರೆ ಗೇರ್ ಬಾಕ್ಸಿನ ಒಂದೊಂದು ಹಲ್ಲೂ ಕೇಳುತ್ತಿತ್ತು. ಗುಂಡಿಯೊಳಗೆ ಇಳಿದವನ ಬಾಯಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ?

ಮಗುವಿನ ದನಿಯ ಮೊದಲ ಕ್ಯಾಸೆಟ್ ಬಂದ ದಿನ ಇದಿನಬ್ಬ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟು, ಸ್ಪೀಕರಿನ ಜಾಲರಿಗೆ ಸ್ಕ್ರೂ ಡ್ರೈವರಿನ ಮೊನೆ ಒತ್ತಿ, ಹಿಡಿಯನ್ನು ಕಚ್ಚಿದ. ಆಸಿಯಮ್ಮ ಮಾತಾಡಿದಳು. ಬಾವಿಯ ಹಗ್ಗ, ತಮ್ಮನ ಜಗಳ, ರೇಷನ್ನಿನ ಅಕ್ಕಿಯ ಕಲ್ಲು. ಆಮೇಲೆ ಒಂದು ಸಣ್ಣ ದನಿ ಅಪ್ಪನನ್ನು ಕರೆದು "ಉಪ್ಪಾ, ಉಪ್ಪಾ, ಬಿಸ್ಕೀಟ್" ಅಂದಿತು. ಹಿಂದೆ ಸುತ್ತಿ ಹನ್ನೆರಡು ಸಲ ಕೇಳಿದ. ಹಿಡಿಯ ಮೇಲೆ ಹಲ್ಲಿನ ಗುರುತು ಬಿತ್ತು. ಮಗಳ ದನಿ ಅವನಿಗೆ ಪರಿಚಯವಾದದ್ದು ಹೀಗೆ, ಕ್ಲಚ್ಚಿನ ಬೇರಿಂಗು ಪರಿಚಯವಾದ ದಾರಿಯಲ್ಲಿಯೇ.

ತೊಂಬತ್ತರಲ್ಲಿ ಅರ್ಬಾಬ್ ತನ್ನ ಸ್ವಂತ ಪಿಕಪ್ ತಂದು ನಿಲ್ಲಿಸಿದ. ಹದಿನಾರು ವರ್ಷ ಹಳೆಯ ಜಪಾನಿ ಗಾಡಿ, ಬಣ್ಣ ಹೋಗಿ ಒಂಟೆಯ ಬಣ್ಣಕ್ಕೆ ಬಂದಿತ್ತು. ವಾರಕ್ಕೆರಡು ಸಲ ಸೂರ್‌ನ ಕಡಲಿನಿಂದ ಇಬ್ರಾಕ್ಕೆ ಮೀನು ತರುವ ಗಾಡಿ. ಒಂದೇ ವರ್ಷದಲ್ಲಿ ಮೂರು ಕ್ಲಚ್ ಪ್ಲೇಟು ಸುಟ್ಟಿತ್ತು. ಮೂರು ಸಲವೂ ಹೊಸದು ಹಾಕಿದವನು ಇದಿನಬ್ಬನೇ. ಅರ್ಬಾಬ್ ಪ್ಲೇಟು ಹಾಕು ಎಂದಿದ್ದ, ಇವನು ಹಾಕಿದ್ದ. ಯಾಕೆ ಸುಡುತ್ತದೆ ಎಂದು ನೋಡಲು ಅವನು ಸಮಯ ಕೊಟ್ಟಿರಲಿಲ್ಲ.

"ಇದನ್ನು ಪೂರಾ ಸರಿ ಮಾಡು. ನಿನ್ನ ಹಿಸಾಬ್ ಮುಗಿಸುತ್ತೇನೆ, ಟಿಕೆಟ್ ಕೊಡುತ್ತೇನೆ" ಎಂದ ಅರ್ಬಾಬ್. ಈ ಮಾತನ್ನು ಇದಿನಬ್ಬ ಅವನ ತುಟಿಯಿಂದ ಎರಡು ಸಲ ಓದಿಕೊಂಡ.

ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಎಂಜಿನ್ ಸಾಯಬೇಕಿತ್ತು, ಸಾಯಲಿಲ್ಲ. ಅಂದರೆ ಪ್ಲೇಟು ಜಾರುತ್ತಿದೆ, ನಾಲ್ಕನೆಯದೂ ಹೋಯಿತು. ಪೆಡಲಿನ ಆಟ ಅಳೆದ, ಒಂದು ಅಂಗುಲ, ಸರಿಯಾಗಿದೆ. ಎಣ್ಣೆ ಸೋರಿ ಪ್ಲೇಟಿಗೆ ತಾಗಿದೆಯೇ? ಇಲ್ಲ, ಒಣಗಿದೆ. ಗುಂಡಿಗಿಳಿದು ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿದ. ಜಾಯಿಂಟು ಟಕ್ಕೆಂದದ್ದು ಕೈಗೆ ತಿಳಿಯಿತು. ಅದೂ ಸವೆದಿದೆ, ಆದರೆ ಸವೆದ ಜಾಯಿಂಟು ಕ್ಲಚ್ಚನ್ನು ಸುಡುವುದಿಲ್ಲ. ಹಿಡಿ ಕಚ್ಚಿ ಗೇರ್ ಬಾಕ್ಸ್ ಕೇಳಿದ, ಡಿಫರೆನ್ಷಿಯಲ್ ಕೇಳಿದ. ಮುದುಕರು ಗೊಣಗುವ ಹಾಗೆ ಎರಡೂ ಗೊಣಗುತ್ತಿದ್ದವು, ಆದರೆ ರೋಗ ಅಲ್ಲಿರಲಿಲ್ಲ.

ಕಡೆಗೆ ಮೊಯ್ದುವಿನ ಹತ್ತಿರ ಗಾಡಿಯನ್ನು ವಾದಿ ಎಂಬ ಒಣಹೊಳೆಯ ಸೇತುವೆಯವರೆಗೆ ಓಡಿಸಿ ತರಿಸಿದ. ಬಂದ ಕೂಡಲೇ ನಾಲ್ಕೂ ಚಕ್ರದ ಡ್ರಮ್ಮಿಗೆ ಕೈ ಇಟ್ಟು ನೋಡಿದ. ಹಿಂದಿನ ಎಡಗಡೆಯದಕ್ಕೆ ಇಟ್ಟ ಕೈಯನ್ನು ಬೈಯುತ್ತ ತೆಗೆದ.

"ಎಂಥ ಆಯ್ತು?" ಎಂದ ಮೊಯ್ದು.

"ರೊಟ್ಟಿ ಸುಡಬಹುದು ಇದರ ಮೇಲೆ. ಮೀನಿನ ನೀರು ಮಾರಾಯ! ಹಲಗೆಯ ತೂತಿನಿಂದ ಉಪ್ಪುನೀರು ಹ್ಯಾಂಡ್‌ಬ್ರೇಕಿನ ಕೇಬಲ್ಲಿಗೇ ಬೀಳ್ತದೆ. ಕೇಬಲ್ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡಿದೆ. ಲಿವರ್ ಕೆಳಗೆ ಇಳಿದರೂ ಬ್ರೇಕು ಬಿಡುವುದಿಲ್ಲ. ಕಟ್ಟಿಹಾಕಿದ ಎತ್ತನ್ನು ಹೊಡೆದು ಹೊಡೆದು ಓಡಿಸಿದ ಹಾಗೆ. ಕ್ಲಚ್ ಸುಡದೆ ಇನ್ನೇನು?"

"ಬಂದರಿನ ಬ್ಯಾರಿಗೆ ಮೀನಿನ ನೀರಿನ ವಿಷಯ ಹೊಳೆಯಲು ಮೂರು ಪ್ಲೇಟು ಬೇಕಾಯ್ತಾ?"

"ನನಗೆ ಮೂಗು ಕೂಡ ಹೋಗಿದೆ ಅಂತ ಅರ್ಬಾಬನಿಗೆ ಹೇಳಬೇಡ."

ಕೇಬಲ್ ಬದಲಾಯಿಸಿ, ಹಲಗೆಯ ತೂತು ಮುಚ್ಚಿ, ಜಾಯಿಂಟು ಹಾಕಿ, ಐದನೆಯ ಪ್ಲೇಟು ಹಾಕಿದ. ಗಾಡಿ ಏರು ಹತ್ತಿತು. ಅರ್ಬಾಬ್ ಇವನ ಬೆನ್ನು ತಟ್ಟಿ "ಬುಕ್ರಾ" ಎಂದ. ನಾಳೆ.

ನಾಳೆ ಎನ್ನುತ್ತ ಏಳು ತಿಂಗಳು ಹೋಯಿತು. ಈಗ ಕಳಿಸುವ ಮಾತೇ ಇರಲಿಲ್ಲ. ಇಷ್ಟು ಚೆನ್ನಾಗಿ ರೋಗ ಹಿಡಿಯುವವನನ್ನು ಯಾರು ಬಿಡುತ್ತಾರೆ? ಸಂಬಳ ಕೇಳಿದರೆ ಮುಂದಿನ ಸಂಬಳವೂ ನಿಲ್ಲುತ್ತಿತ್ತು. ಬಾಕಿ ಹದಿನಾಲ್ಕಕ್ಕೆ ಬಂತು.

ತೊಂಬತ್ತೊಂದರ ಆರಂಭದಲ್ಲಿ ಸೂರ್‌ಗೆ ಹೊರಟಿದ್ದ ಒಬ್ಬನ ಕಾರು ಇಬ್ರಾದಲ್ಲಿ ಕೆಟ್ಟಿತು. ಅವನ ಹೆಸರು ಕ್ಲಾರೆನ್ಸ್. ಉಡುಪಿ ಕಡೆಯ ಕೊಂಕಣಿ ಕ್ರೈಸ್ತ, ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಮನೆ, ಯಾವುದೋ ಕಂಪೆನಿಯ ಆಫೀಸಿನಲ್ಲಿ ಟೈಪಿಸ್ಟು. ಬಾನೆಟ್ಟಿನ ಹಿಂದಿನಿಂದ ನಾಲ್ಕು ಸಲ ಕರೆದರೂ ಇದಿನಬ್ಬ ತಿರುಗಲಿಲ್ಲ. ಮೊಯ್ದುವಿನ ನಟ್ಟು ಬಿದ್ದ ಮೇಲೆ ತಿರುಗಿದ. ಕ್ಲಾರೆನ್ಸ್ ಅದನ್ನು ನೋಡಿದ. ಚಹಾ ತರಿಸಿ, ಎದುರು ಕೂತು, ನಿಧಾನವಾಗಿ ಎಲ್ಲ ಕೇಳಿದ. ಊರಿನ ಕನ್ನಡ ಆಡುವವನೊಬ್ಬ ತುಟಿ ಬಿಡಿಸಿ ಮಾತಾಡಿದ್ದಕ್ಕೆ ಇದಿನಬ್ಬ ಎರಡೂವರೆ ವರ್ಷ ಮುಚ್ಚಿಟ್ಟದ್ದನ್ನು ಕಕ್ಕಿದ.

"ಕಂಪ್ಲೇಂಟ್ ನಾನು ಟೈಪ್ ಮಾಡ್ತೇನೆ" ಎಂದ ಕ್ಲಾರೆನ್ಸ್. "ಸಂಬಳದ್ದು, ಕಿವಿಯದ್ದು, ಎರಡೂ."

"ಕಿವಿಯದ್ದು ಬೇಡ ಸಾರ್. ಸಂಬಳದ್ದು ಸಾಕು."

"ಅದೇ ದೊಡ್ಡ ಪಾಯಿಂಟ್ ಮಾರಾಯ! ಡ್ಯೂಟಿಯಲ್ಲಿ ಆದ ಆಕ್ಸಿಡೆಂಟ್. ಪರಿಹಾರ ಸಿಗ್ತದೆ. ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು."

ಕ್ಲಾರೆನ್ಸ್ ಒಳ್ಳೆಯವನು. ಒಳ್ಳೆಯವರು ಆಫೀಸಿನಲ್ಲಿ ಕೂತು ಹೋರಾಟ ಮಾಡಿದರೆ ಆಗುವ ಅನಾಹುತ ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಅರ್ಜಿಯಲ್ಲಿ ಕಿವಿ ಮೇಲೆ ಬಂತು, ಸಂಬಳ ಕೆಳಗೆ ಹೋಯಿತು.

ವಿಚಾರಣೆ ಇಬ್ರಾದಲ್ಲೇ, ಕಾರ್ಮಿಕ ಇಲಾಖೆಯ ಒಂದು ಸಣ್ಣ ಕಚೇರಿಯಲ್ಲಿ. ಕ್ಲಾರೆನ್ಸ್ ರಜೆ ಹಾಕಿ ಬಂದ. ಮೊಯ್ದು ತನ್ನ ಕೆಲಸ ಪಣಕ್ಕಿಟ್ಟು ಸಾಕ್ಷಿಗೆ ಬಂದ. ಬಾಗಿಲಲ್ಲಿ ಕ್ಲಾರೆನ್ಸ್ ಹೇಳಿದ: "ಏನು ಕೇಳಿದರೂ ಗೊತ್ತಿಲ್ಲ ಅನ್ನು. ಕೇಳಿಸುವುದಿಲ್ಲ ಅನ್ನು. ಬೇರೆ ಒಂದು ಶಬ್ದ ಬೇಡ."

ಅಧಿಕಾರಿ ಕೆಟ್ಟವನಲ್ಲ. ಅರ್ಜಿಯನ್ನು ಪೂರ್ತಿ ಓದಿದ. ಅರ್ಬಾಬ್ ಒಂದು ಕಟ್ಟು ರಸೀದಿ ಇಟ್ಟ, ಪ್ರತಿ ತಿಂಗಳೂ ಸಂಬಳ ಮುಟ್ಟಿದೆ ಎಂದು ಅರಬ್ಬಿಯಲ್ಲಿ ಬರೆದದ್ದು, ಕೆಳಗೆ ಇದಿನಬ್ಬನ ಹೆಬ್ಬೆಟ್ಟು. ಲೇಬರ್ ಕಾರ್ಡ್ ಹೊಸದು ಮಾಡಲಿಕ್ಕೆಂದು ಹೇಳಿ ಒಂದೇ ಸಲ ಕೂರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟುಗಳು ಅವು. ಮೊಯ್ದು ಹಾಗೆಂದು ಹೇಳಿದ. ಅಧಿಕಾರಿ ತಲೆದೂಗಿದ. ಒಬ್ಬನ ಮಾತಿಗೆ ಇನ್ನೊಬ್ಬನ ಮಾತು, ಇನ್ನೂ ಎಲ್ಲವೂ ತಕ್ಕಡಿಯಲ್ಲಿತ್ತು.

ಆಗ ಅರ್ಬಾಬ್ ಎದ್ದು ನಿಂತು ಹೇಳಿದ: "ಇವನು ಕಿವುಡ ಅಲ್ಲ. ಸುಳ್ಳ. ನನ್ನ ಪಿಕಪ್ ಹೊರಗೆ ನಿಂತಿದೆ, ಸದ್ದು ಮಾಡುತ್ತಿದೆ. ಇವನು ಹಾಕಿದ ಕ್ಲಚ್ ಖರಾಬ್. ಇವನ ಕೆಲಸವೇ ಖರಾಬ್."

ಮೊದಲಿನದು ಇದಿನಬ್ಬನಿಗೆ ತಿಳಿಯಲಿಲ್ಲ, ಅರ್ಬಾಬನ ಮುಖ ಆಚೆ ತಿರುಗಿತ್ತು. ಕೊನೆಯ ಎರಡು ಮಾತು ಆಡುವಾಗ ಅವನು ಈಚೆ ತಿರುಗಿದ. ಕ್ಲಚ್ ಖರಾಬ್. ಕಾಮ್ ಖರಾಬ್. ಆ ತುಟಿಯ ಮೇಲೆ ಇದಿನಬ್ಬ ಚೆನ್ನಾಗಿ ಓದಬಲ್ಲ ಮಾತುಗಳೇ ಅವು.

ಅವನು ಎದ್ದ. ಕ್ಲಾರೆನ್ಸ್ ಅಂಗಿ ಹಿಡಿದೆಳೆದ. ಮೊಯ್ದು ಅಡ್ಡ ನಿಂತು "ಬೇಡ ಕಾಕ, ಗೊತ್ತಿಲ್ಲ ಅನ್ನಿ" ಎಂದು ಬಾಯಿ ಅಗಲಿಸಿದ. ಇದಿನಬ್ಬ ಅವನನ್ನು ಪಕ್ಕಕ್ಕೆ ಸರಿಸಿ ಅಂಗಳಕ್ಕೆ ಹೋದ. ಅಧಿಕಾರಿಯೂ ಹಿಂದೆ ಬಂದ.

ಬರುವಾಗ ಕಂಡಿದ್ದ ಪಿಕಪ್ ಅಲ್ಲೇ ನಡುಗುತ್ತ ನಿಂತಿತ್ತು, ಎಂಜಿನ್ ಓಡುತ್ತಿತ್ತು. ಇದಿನಬ್ಬ ಸೊಂಟದಿಂದ ಸ್ಕ್ರೂ ಡ್ರೈವರ್ ತೆಗೆದು ಗಾಡಿಯ ಅಡಿಗೆ ನುಗ್ಗಿದ. ಗೇರ್ ಬಾಕ್ಸಿಗೆ ಮೊನೆ ಒತ್ತಿ ಕಚ್ಚಿದ. ಒರಟು ಸದ್ದು, ಬೀಸುಕಲ್ಲಿನೊಳಗೆ ಮರಳು ಹಾಕಿದ ಹಾಗೆ. ಮೊಯ್ದುವಿಗೆ ಸನ್ನೆ ಮಾಡಿ ಕ್ಲಚ್ ಒತ್ತಿಸಿದ. ಸದ್ದು ನಿಂತಿತು. ಬಿಡಿಸಿದ. ಮತ್ತೆ ಬಂತು. ಕ್ಲಚ್ಚಿನ ಬೇರಿಂಗಾದರೆ ಒತ್ತಿದಾಗ ಅರಚುತ್ತದೆ. ಒತ್ತಿದಾಗ ಸುಮ್ಮನಾಗುವುದು ಗೇರ್ ಬಾಕ್ಸಿನದು. ತನ್ನ ಕ್ಲಚ್ಚು ಚೆನ್ನಾಗಿದೆ! ಎಂಜಿನ್ ಆರಿಸಿ, ಪಕ್ಕದ ಬೋಲ್ಟು ತೆಗೆದು, ಒಳಗೆ ಬೆರಳು ಹಾಕಿದ. ಎಣ್ಣೆ ತಾಗಬೇಕಾದಲ್ಲಿ ಬರೀ ಕಪ್ಪು ಪುಡಿ.

ಹೊರಗೆ ತೆವಳಿ ಬಂದು ಆ ಬೆರಳನ್ನು ಅಧಿಕಾರಿಯ ಮುಂದೆ ಎತ್ತಿ ಹಿಡಿದ. "ಕ್ಲಚ್ ಅಚ್ಛಾ ಹೈ! ಗೇರ್ ಬಾಕ್ಸ್‌ನಲ್ಲಿ ಆಯಿಲ್ ಮಾಫಿ, ಇಲ್ಲವೇ ಇಲ್ಲ! ಯಾರೋ ಆಯಿಲ್ ಹಾಕದೆ ಓಡಿಸಿದ್ದಾರೆ. ನನ್ನ ಕೆಲಸ ಸರಿ ಉಂಟು!"

ಅಧಿಕಾರಿ ಬೆರಳು ನೋಡಿದ, ನಕ್ಕ. "ಇವನ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆಯಲ್ಲ" ಎಂದ.

ಇದಿನಬ್ಬನಿಗೆ ನಗು ಕಂಡಿತು, ಮಾತು ಕೇಳಲಿಲ್ಲ. ಗೆದ್ದೆನೆಂದುಕೊಂಡು ಅವನೂ ನಕ್ಕ. ಕಪ್ಪು ಬೆರಳನ್ನು ಇಳಿಸದೆ, ಎಲ್ಲ ಹಲ್ಲು ಕಾಣುವ ಹಾಗೆ ನಕ್ಕ. ಮೊಯ್ದು ನೆಲಕ್ಕೆ ಕೂತುಬಿಟ್ಟ.

ಇವನು ಹಲ್ಲಿನಿಂದ ಕೇಳುತ್ತಾನೆ ಸಾರ್ ಎಂದು ಕ್ಲಾರೆನ್ಸ್ ಇಂಗ್ಲಿಷಿನಲ್ಲಿ ಕೂಗಿ ಹೇಳಿದ. ಅಧಿಕಾರಿ ಇನ್ನೂ ಜೋರಾಗಿ ನಕ್ಕ. ಆದರೂ ನ್ಯಾಯದ ಮಾತಾಡಿದ: ಆಸ್ಪತ್ರೆಯಿಂದ ಕಿವಿಯ ಪತ್ರ ತನ್ನಿ, ಒಂದು ವಾರ ಕೊಡುತ್ತೇನೆ, ತಾರದಿದ್ದರೆ ಕಿವಿಯದ್ದು ಸುಳ್ಳು ಎಂದು ಬರೆಯುತ್ತೇನೆ. ಒಂದು ಸುಳ್ಳಾದರೆ ಸಂಬಳದ ಮಾತನ್ನು ಹೇಗೆ ನಂಬಲಿ?

ಆಸ್ಪತ್ರೆಗೆ ಕಾರ್ಡ್ ಬೇಕು. ಕಾರ್ಡ್ ಅರ್ಬಾಬನ ಡ್ರಾಯರಿನಲ್ಲಿ. ಕಾರ್ಡ್ ಇಲ್ಲದೆ ನೋಡುವ ಡಾಕ್ಟರು ಯಾರಾದರೂ ಇದ್ದಾರೆಯೇ ಎಂದು ಕ್ಲಾರೆನ್ಸ್ ಅಲ್ ಗುಬ್ರಾದಲ್ಲಿ ಊರಿನವರ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಅಲೆದ. ಹನ್ನೊಂದು ಬಾಗಿಲು. ಎಲ್ಲರೂ ಕೂರಿಸಿ ಜ್ಯೂಸ್ ಕೊಟ್ಟರು. ಅಯ್ಯೋ ಪಾಪ ಅಂದರು. ಇಂಥದ್ದಕ್ಕೆಲ್ಲ ಕೈ ಹಾಕಬೇಡ, ನಿನಗೂ ಕಫೀಲ್ ಇದ್ದಾನೆ ಎಂದು ಬುದ್ಧಿ ಹೇಳಿದರು. ಅಷ್ಟರಲ್ಲಿ ನಾಲ್ಕನೆಯ ದಿನ ಅರ್ಬಾಬ್ ವೀಸಾ ರದ್ದು ಮಾಡಿಸಿ ಇದಿನಬ್ಬನನ್ನು ಸೀಬಿನ ವಿಮಾನ ನಿಲ್ದಾಣಕ್ಕೆ ಸಾಗಿಸಿದ, ಅದೇ ಪಿಕಪ್ಪಿನಲ್ಲಿ. ಎಣ್ಣೆ ಹಾಕಿಸಿದ್ದ. ಇದಿನಬ್ಬ ಪಕ್ಕದಲ್ಲಿ ಕೂತು ಗೇರ್ ಲಿವರಿನ ಮೇಲೆ ಎರಡು ಬೆರಳಿಟ್ಟು ನೋಡಿದ. ಕ್ಲಚ್ಚು ಬೆಣ್ಣೆಯ ಹಾಗೆ ಹಿಡಿಯುತ್ತಿತ್ತು.

ಇಳಿಯುವಾಗ ಅರ್ಬಾಬ್ ಚೀಲ ಬಿಚ್ಚಿಸಿ, ಗ್ಯಾರೇಜಿನ ಸಾಮಾನು ಎಂದು ಸ್ಕ್ರೂ ಡ್ರೈವರ್ ತೆಗೆದುಕೊಂಡ. ಅದು ದೂಮಪ್ಪ ಕೊಟ್ಟದ್ದು. ಹಿಡಿಯ ಮೇಲಿನ ಹಲ್ಲಿನ ಗುರುತು ಯಾರದೆಂದು ಅಳತೆ ಹಾಕಿ ನೋಡುವವರು ಅಲ್ಲಿ ಇರಲಿಲ್ಲ.

ಮನೆಗೆ ಬಂದಾಗ ಅಮೀನತ್‌ಗೆ ನಾಲ್ಕು ವರ್ಷ. ಚೆನ್ನಾಗಿ ಮಾತಾಡುತ್ತಿದ್ದಳು, ತುಟಿ ಓಡುವುದು ಕಾಣುತ್ತಿತ್ತು. ಇದಿನಬ್ಬ ಅಡುಗೆಮನೆಯಿಂದ ಕಬ್ಬಿಣದ ಸೌಟು ತಂದು, ಅದರ ಬುಡವನ್ನು ಮಗುವಿನ ಗಂಟಲ ಹತ್ತಿರ ಮೆಲ್ಲಗೆ ಒತ್ತಿ, ಹಿಡಿಯನ್ನು ಕಚ್ಚಲು ಹೋದ. ಮಗು ಚೀರಿ ಅಜ್ಜಿಯ ಹಿಂದೆ ಓಡಿತು. ಆ ಚೀರಾಟ ಕೂಡ ಅವನಿಗೆ ಕೇಳಿಸಲಿಲ್ಲ. ಮತ್ತೆ ಪ್ರಯತ್ನ ಮಾಡಲಿಲ್ಲ. ಇಬ್ರಾದಲ್ಲಿ ಇದ್ದಾಗ ಅವಳ ದನಿಯಾದರೂ ಇತ್ತು.

ಈಗ ತೊಂಬತ್ತೆಂಟು. ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿ ಟೆಂಪೊಗಳ ಅಡಿಯಲ್ಲಿ ಮಲಗಿ, ಬೇರೊಂದು ಸ್ಕ್ರೂ ಡ್ರೈವರ್ ಕಚ್ಚಿ, ಇದಿನಬ್ಬ ರೋಗ ಹೇಳುತ್ತಾನೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಬಿದ್ದಿವೆ, ಕೆಳಗಿನವು ಅಲ್ಲಾಡುತ್ತಿವೆ. ಅವೂ ಹೋದ ಮೇಲೆ ಏನೆಂದು ಅವನಿಗೂ ಗೊತ್ತಿಲ್ಲ, ಆಸಿಯಮ್ಮನಿಗೂ ಗೊತ್ತಿಲ್ಲ. ಅಮೀನತ್ ಅಪ್ಪನೊಂದಿಗೆ ಕೈಸನ್ನೆಯಲ್ಲಿ ಮಾತಾಡುತ್ತಾಳೆ, ಬೇಕಾದಷ್ಟೇ. ಹದಿನಾಲ್ಕು ತಿಂಗಳು ಹದಿನಾಲ್ಕು ತಿಂಗಳಾಗಿಯೇ ಇದೆ.

ಇದನ್ನು ಓದಿ ಅಯ್ಯೋ ಪಾಪ ಅನ್ನಬೇಡಿ, ಅದನ್ನು ಹನ್ನೊಂದು ಮನೆಯವರು ಆಗಲೇ ಅಂದಿದ್ದಾರೆ. ನಿಮ್ಮ ಬೀದಿಯಲ್ಲೂ ಗಲ್ಫಿನಿಂದ ಬರಿಗೈಯಲ್ಲಿ ಬಂದು ಮಾತು ಬಿಟ್ಟವನೊಬ್ಬ ಇದ್ದಾನೆ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ. ತುಟಿ ಕಾಣುವ ಹಾಗೆ ಎದುರು ನಿಂತು ಕೇಳಿ: ನಿನಗೆ ಎಷ್ಟು ತಿಂಗಳು ಬಾಕಿ, ಯಾರು ಕೊಡಬೇಕು, ಕಳಿಸಿದ ಏಜೆಂಟ್ ಯಾರು? ಉತ್ತರವನ್ನು ಬರೆದುಕೊಳ್ಳಿ, ಕೆಳಗೆ ಸಾಕ್ಷಿಯ ಜಾಗದಲ್ಲಿ ನಿಮ್ಮ ಹೆಸರು ಹಾಕಿ. ಆಮೇಲೆ ಆ ಕಾಗದ ಹಿಡಿದು ಆ ಏಜೆಂಟನ ಬಾಗಿಲಿಗೆ ನಡೆಯಿರಿ. ಹೋಗುತ್ತೀರೋ ಇಲ್ಲವೋ?